ಮಳೆಗಾಲಕ್ಕೆ ಮೊದಲು: ಸೋರುವ ಟೆರೇಸ್, ಒದ್ದೆ ಗೋಡೆ, ಬೀಗ ಹಾಕಿದ ಮನೆ

ಪತ್ತನಾಜೆ (ಮೇ ಕೊನೆಯಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಆಚರಣೆಯ ದಿನ) ಹತ್ತಿರ ಬಂದ ಹಾಗೆ ಸೋರುವ ಮನೆಗಳ ಬಗ್ಗೆ ಪ್ರಶ್ನೆಗಳು ಜಾಸ್ತಿಯಾಗಿವೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. 1000 ಚದರ ಅಡಿಯ ಟೆರೇಸಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ 9000 ಲೀಟರಿಗೂ ಮೇಲೆ ನೀರಾಯಿತು. ಇಷ್ಟು ನೀರಿಗೆ ನಾವು ಹೊರದಾರಿ ಮಾಡಿಕೊಡದಿದ್ದರೆ ಅದು ಸ್ಲ್ಯಾಬಿಗೂ ಗೋಡೆಗೂ ಇಳಿಯುತ್ತದೆ. ಬಂದ ಪತ್ರಗಳಲ್ಲಿ ಹಲವರಿಗೆ ಉಪಯೋಗವಾಗುವ ಐದನ್ನು ಇಲ್ಲಿ ಆರಿಸಿದ್ದೇನೆ.

ಬದಿಯಡ್ಕದಿಂದ: ನಮ್ಮದು 14 ವರ್ಷ ಹಳೆಯ ಆರ್‌ಸಿಸಿ ಮನೆ. ಆಟಿ ತಿಂಗಳು (ಜುಲೈ-ಆಗಸ್ಟ್) ಬಂದರೆ ಹಾಲ್‌ನ ಸೀಲಿಂಗಿನಲ್ಲಿ ಕಂದು ಕಲೆ ಮೂಡಿ ಹನಿ ಬೀಳುತ್ತದೆ. ಎರಡು ಸಲ ಟೆರೇಸಿಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು. ಎರಡೂ ಸಲ ಎದ್ದು ಬಂತು. ಅಲ್ಲಿ ಅಡಿಕೆಯೂ ಒಣಗಿಸುತ್ತೇವೆ. ಶೀಟ್ ಹಾಕಿಸಿಬಿಡುವುದೇ ಒಳ್ಳೆಯದಾ?

ಶೀಟಿನ ಮಾತು ಆಮೇಲೆ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಕೆಳಗೆ ಕಲೆ ಕಂಡ ಜಾಗದ ನೇರ ಮೇಲೆಯೇ ಬಿರುಕು ಇರಬೇಕೆಂದಿಲ್ಲ. ಸ್ಲ್ಯಾಬಿನ ಒಳಗೆ ಇಳಿದ ನೀರು ಪೊಳ್ಳು ಇದ್ದಲ್ಲೆಲ್ಲ ಹರಿಯುತ್ತದೆ. ವಯರಿಂಗ್ ಪೈಪ್ ಸಿಕ್ಕಿದರೆ ಅದರೊಳಗೇ ಹತ್ತಾರು ಅಡಿ ಹೋಗುತ್ತದೆ. ಫ್ಯಾನಿನ ಕೊಕ್ಕೆಯಲ್ಲಿ, ಲೈಟ್ ಪಾಯಿಂಟಿನಲ್ಲಿ ಹನಿ ಬೀಳುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಟೆರೇಸಿನಲ್ಲಿ ಮೊದಲು ಅನುಮಾನ ಪಡಬೇಕಾದ್ದು ಮೂಲೆಗಳನ್ನು. ಟೆರೇಸಿನ ಅಂಚಿನ ಗಿಡ್ಡ ಗೋಡೆ, ಅಂದರೆ ಪ್ಯಾರಾಪೆಟ್, ಸ್ಲ್ಯಾಬಿಗೆ ಸೇರುವ ಸಂದು, ನೀರು ಹೋಗುವ ಪೈಪಿನ ಬಾಯಿಯ ಸುತ್ತ, ಟ್ಯಾಂಕಿ ಕೂರಿಸಿದ ಕಟ್ಟೆಯ ಬುಡ. ನಡು ಟೆರೇಸಿನ ಬಿರುಕಿಗಿಂತ ಈ ಮೂರು ಜಾಗದಿಂದಲೇ ಜಾಸ್ತಿ ಮನೆಗಳು ಸೋರುತ್ತವೆ. ಪ್ಯಾರಾಪೆಟ್‌ನ ಮೇಲ್ಮೈಯನ್ನೂ ನೋಡಿ. ಅಲ್ಲಿ ಬಿರುಕಿದ್ದರೆ ಗೋಡೆ ಮೇಲಿಂದ ನೀರು ಕುಡಿದು ಕೆಳಗೆ ಬಿಡುತ್ತದೆ. ಟೆರೇಸಿಗೆ ಎಷ್ಟು ಬಳಿದರೂ ಆ ಸೋರಿಕೆ ನಿಲ್ಲುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಈಗಲೇ, ಬಿಸಿಲಿರುವಾಗಲೇ, ನೀರು ನಿಲ್ಲಿಸಿ ನೋಡಿ. ಪೈಪಿನ ಬಾಯಿಗಳನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ಒಂದು ಇಂಚಿನಷ್ಟು ನೀರು ಕಟ್ಟಿ ಎರಡು ದಿನ ಬಿಡಿ. ಬಾವಿಯಲ್ಲಿ ಅಷ್ಟು ನೀರಿಲ್ಲದಿದ್ದರೆ ಮಣ್ಣಿನ ಸಣ್ಣ ದಂಡೆ ಕಟ್ಟಿ ಒಂದೊಂದೇ ಭಾಗ ಪರೀಕ್ಷೆ ಮಾಡಿದರೂ ಆಗುತ್ತದೆ. ಯಾವ ಭಾಗಕ್ಕೆ ನೀರು ಕಟ್ಟಿದಾಗ ಕೆಳಗೆ ಒದ್ದೆ ಕಾಣುತ್ತದೋ, ರಿಪೇರಿ ಅಲ್ಲಿಂದ ಶುರು. ಸೀಲಿಂಗಿನಲ್ಲಿ ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಅದನ್ನು ಇಂಜಿನಿಯರ್ ಬಂದೇ ನೋಡಬೇಕು.

ನೀರು ಬಿಟ್ಟ ಮೇಲೂ ಅಲ್ಲಲ್ಲಿ ಹೊಂಡದಲ್ಲಿ ನಿಂತರೆ ಸ್ಲೋಪ್ ಸಾಲದು ಎಂದರ್ಥ. ಹತ್ತು ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇಳಿಜಾರು ಬೇಕು. ಪೈಪ್ ವಿಷಯದಲ್ಲೂ ಜಿಪುಣತನ ಬೇಡ. ನಮ್ಮ ಮಳೆಗೆ 400 ಚದರ ಅಡಿಗೆ ನಾಲ್ಕು ಇಂಚಿನ ಒಂದು ಪೈಪ್ ಲೆಕ್ಕ ಹಿಡಿಯಿರಿ. ಒಂದೇ ಪೈಪ್ ಇರುವ ಟೆರೇಸಿನಲ್ಲಿ ನಾಲ್ಕು ಹಲಸಿನೆಲೆ ಬಿದ್ದು ಬಾಯಿ ಮುಚ್ಚಿದರೆ ಅದು ಕೆರೆಯೇ. ಎರಡು ಪೈಪ್ ಇರಲಿ, ಎರಡಕ್ಕೂ ಜಾಲಿ ಇರಲಿ.

ಪೇಂಟ್ ಎದ್ದು ಬಂದದ್ದು ಯಾಕೆ? ಎರಡು ಕಾರಣ ಇರಬಹುದು. ಒಂದು, ಪಾಚಿ, ಧೂಳು ಪೂರ್ತಿ ತೆಗೆಯದೆ ಬಳಿದಿರಬಹುದು. ಇನ್ನೊಂದು, ಸ್ಲ್ಯಾಬಿನಲ್ಲಿ ಪಸೆ ಇರುವಾಗಲೇ ಬಳಿದಿರಬಹುದು. ಆಮೇಲೆ ಬಿಸಿಲು ಬಿದ್ದಾಗ ಒಳಗಿನ ಪಸೆ ಆವಿಯಾಗಿ ಪದರವನ್ನು ಎತ್ತಿಬಿಡುತ್ತದೆ. ಅಡಿಕೆ ಬೆಳೆಗಾರರ ಮನೆಗಳಲ್ಲಿ ಇದು ಜಾಸ್ತಿ. ಕಾರಣ ಎಲ್ಲರಿಗೂ ಗೊತ್ತಿದೆ. ಅಡಿಕೆ ಟೆರೇಸಿನಿಂದ ಏಳುವವರೆಗೆ ಕಾಯುತ್ತೇವೆ. ಅಷ್ಟರಲ್ಲಿ ಮೇ ಕೊನೆ. ಎರಡು ಮಳೆ ಬಂದು ಹೋಗಿರುತ್ತದೆ. ಕೆಲಸದವರೂ ಅವಸರದಲ್ಲಿರುತ್ತಾರೆ. ಟೆರೇಸನ್ನು ಎರಡು ಪಾಲು ಮಾಡಿಕೊಳ್ಳಿ. ಅಡಿಕೆಯನ್ನು ಒಂದು ಕಡೆ ಸರಿಸಿ ಫೆಬ್ರವರಿ, ಮಾರ್ಚಿನಲ್ಲೇ ಇನ್ನೊಂದು ಕಡೆ ಮುಗಿಸಿ.

ಕೆಲಸದ ಕ್ರಮ ಹೀಗಿರಲಿ. ಹಳೆಯ ಪೇಂಟನ್ನು ಕೆರೆದು ತೆಗೆಯಬೇಕು. ವಯರ್ ಬ್ರಷ್ ಹಾಕಿ ಉಜ್ಜಿ ತೊಳೆದು ಚೆನ್ನಾಗಿ ಒಣಗಲು ಬಿಡಬೇಕು. ಬಿರುಕನ್ನು ಇಂಗ್ಲಿಷಿನ ವಿ ಆಕಾರಕ್ಕೆ ಅಗಲಿಸಿ ಪಾಲಿಮರ್ ಬೆರೆಸಿದ ಸಿಮೆಂಟ್ ತುಂಬಬೇಕು. ಬರೀ ಸಿಮೆಂಟ್ ತಿಳಿ ಹೊಯ್ದರೆ ಮುಂದಿನ ಬೇಸಿಗೆಗೆ ಅದೇ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಪ್ಯಾರಾಪೆಟ್‌ನ ಬುಡದಲ್ಲಿ ಚೂಪು ಮೂಲೆ ಇರಬಾರದು. ಅಲ್ಲಿ ಗಾರೆಯನ್ನು ಉರುಟಾಗಿ ಏರಿಸಬೇಕು, ಮೇಲೆ ಫೈಬರ್ ಬಲೆ ಇಟ್ಟು ಬಳಿಯಬೇಕು. ಕೋಟಿಂಗ್ ಎರಡು ಕೈ. ಎರಡನೆಯದು ಮೊದಲನೆಯದಕ್ಕೆ ಅಡ್ಡವಾಗಿ, ಮೊದಲನೆಯದು ಒಣಗಿದ ಮೇಲೆ. ಗೋಡೆಯ ಮೇಲೂ ಒಂದು ಅಡಿಯಷ್ಟು ಏರಿಸಿ. ಡಬ್ಬಿಯ ಮೇಲೆ ಬರೆದಷ್ಟೇ ಚದರ ಅಡಿಗೆ ಬಳಸಬೇಕು, ನೀರು ಸೇರಿಸಿ ಹಿಗ್ಗಿಸಬಾರದು. ಅಡಿಕೆ ಮಗುಚುವಾಗ ಕೋಟಿಂಗ್ ಗೀರಿಹೋಗುತ್ತದೆ. ಅಡಿಯಲ್ಲಿ ಟಾರ್ಪಾಲು ಹಾಸದೆ ಅಡಿಕೆ ಹರಡಬೇಡಿ.

ಇನ್ನು ಶೀಟ್. ನಮ್ಮ ಮಳೆಗೆ ಶೀಟಿನ ಮಾಡು ಒಳ್ಳೆಯದೇ ಎಂದು ನಾನು ನಂಬಿದ್ದೇನೆ. ಅಡಿಕೆಗೂ ಬಟ್ಟೆಗೂ ಆಸರೆಯಾಗುತ್ತದೆ. ಸ್ಲ್ಯಾಬಿಗೆ ಬಿಸಿಲೂ ಕಡಿಮೆ. ಆದರೆ ಪ್ಯಾರಾಪೆಟ್‌ನ ಹೊರಗೆ ಎರಡು ಅಡಿ ಚಾಚಿರಬೇಕು. ಅಂಚಿಗೆ ದಂಬೆ (ಮಾಡಿನ ನೀರು ಹಿಡಿಯುವ ಕಾಲುವೆ) ಕಟ್ಟಿ ಪೈಪಿನಲ್ಲಿ ನೀರು ಇಳಿಸಬೇಕು. ದಂಬೆ ಇಲ್ಲದ ಶೀಟಿನಿಂದ ಬೀಳುವ ನೀರು ಅಂಗಳದಿಂದ ಎಗರಿ ನಿಮ್ಮ ಗೋಡೆಯ ಬುಡವನ್ನೇ ನೆನೆಸುತ್ತದೆ. ಕಂಬಗಳನ್ನು ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಹಾಕಲು ಬಿಡಬೇಡಿ. ತೊಲೆಯ ನೇರದಲ್ಲಿ ಸಣ್ಣ ಕಾಂಕ್ರೀಟ್ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸಲಿ. ಅನುಮತಿಯ ಬಗ್ಗೆ ಪಂಚಾಯತಿನಲ್ಲಿ ಮೊದಲೇ ಕೇಳಿಕೊಳ್ಳಿ.

ಕುಂಬಳೆಯಿಂದ: ಮಳೆ ಜೋರಾದಾಗ ಸ್ವಿಚ್ ಬೋರ್ಡ್ ಇರುವ ಗೋಡೆ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ. ಒಣಗಿದ ಮೇಲೆ ಸರಿಯಾಗುತ್ತದೆ. ಹೆದರಬೇಕಾ?

ಹೌದು, ಹೆದರಬೇಕು. ದಯವಿಟ್ಟು ಇದನ್ನು ಮುಂದೆ ಹಾಕಬೇಡಿ. ಮನೆಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಮತ್ತೆ ಹಾಗೆ ಅನ್ನಿಸಿದರೆ ಗೋಡೆ ಮುಟ್ಟದೆ, ಒಣ ಚಪ್ಪಲಿ ಹಾಕಿ, ಒಣ ಕೈಯಲ್ಲಿ ಮೈನ್ ಸ್ವಿಚ್ ಆಫ್ ಮಾಡಿ. ಮೈನ್ ಬೋರ್ಡೇ ಒದ್ದೆಯಾಗಿದ್ದರೆ ಅದನ್ನೂ ಮುಟ್ಟಬೇಡಿ, ವಿದ್ಯುತ್ ಕಚೇರಿಗೆ ಫೋನ್ ಮಾಡಿ. ಲೈಸೆನ್ಸ್ ಇರುವ ವಯರ್‌ಮನ್ ಬಂದು ವಯರಿನ ಇನ್ಸುಲೇಶನ್, ಅರ್ತಿಂಗ್ ಎರಡನ್ನೂ ಪರೀಕ್ಷೆ ಮಾಡಿದ ಮೇಲೆಯೇ ಆ ಲೈನ್ ಬಳಸಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಕೂಡಲೇ ಟ್ರಿಪ್ ಆಗಬೇಕು. ಗೋಡೆಗೆ ನೀರು ಬರುವ ದಾರಿ ಹುಡುಕುವುದು ಇದೆಲ್ಲ ಆದ ಮೇಲಿನ ಕೆಲಸ.

ಮುಳ್ಳೇರಿಯದಿಂದ: ಅಜ್ಜನ ಕಾಲದ ಕೆಂಪುಕಲ್ಲಿನ ಮನೆ. ಮೊದಲು ಸುಣ್ಣ ಬಳಿದದ್ದಿತ್ತು. ಐದು ವರ್ಷದ ಹಿಂದೆ ಸಿಮೆಂಟ್ ಸಾರಣೆ ಮಾಡಿಸಿ ಪುಟ್ಟಿ, ಪೇಂಟ್ ಹಾಕಿದೆವು. ಅಂಗಳಕ್ಕೆ ಇಂಟರ್‌ಲಾಕ್ ಕೂಡ ಹಾಕಿಸಿದೆವು. ಈಗ ಗೋಡೆಯ ಕೆಳಗಿನ ಮೂರಡಿ ಯಾವಾಗಲೂ ಒದ್ದೆ, ಬಿಳಿ ಹುಡಿ ಉದುರುತ್ತದೆ. ಹಳೆಯ ಮನೆ ಹಾಗೇ ಇದ್ದಾಗ ಇದಿರಲಿಲ್ಲ.

ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ಕೆಂಪುಕಲ್ಲು ನೆಲದ ನೀರನ್ನು ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ಮೊದಲೂ ಎಳೆಯುತ್ತಿತ್ತು. ಆದರೆ ಸುಣ್ಣದ ಗೋಡೆಯಿಂದ ಆ ಪಸೆ ಆರಿ ಹೋಗುತ್ತಿತ್ತು. ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಸೇರಿ ಆ ದಾರಿಯನ್ನು ಮುಚ್ಚಿದವು. ಈಗ ನೀರು ಇನ್ನಷ್ಟು ಮೇಲೆ ಏರುತ್ತದೆ, ಜೊತೆಗೆ ಕರಗಿದ ಉಪ್ಪನ್ನೂ ತರುತ್ತದೆ. ಆ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಅದನ್ನು ದಬ್ಬುತ್ತದೆ. ನೀವು ನೋಡುತ್ತಿರುವ ಬಿಳಿ ಹುಡಿ ಅದೇ.

ಬೇಕಲ ಕೋಟೆಯನ್ನು ನೋಡಿ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ್ದು. ಇದೇ ಕಲ್ಲು, ಪಕ್ಕದಲ್ಲೇ ಸಮುದ್ರ, ಮೇಲೆ ಇದೇ ಮಳೆ. ಇವತ್ತಿಗೂ ನಿಂತಿದೆ. ನೆನೆಯುವುದು ಆ ಕಲ್ಲಿಗೆ ದೊಡ್ಡ ತೊಂದರೆಯಲ್ಲ. ಒಣಗಲು ಬಿಡದಿರುವುದೇ ತೊಂದರೆ.

ಇಂಟರ್‌ಲಾಕ್ ಕೂಡ ಪಾಲುದಾರ. ಅದನ್ನು ಹಾಕುವಾಗ ಅಂಗಳ ಅರ್ಧ ಅಡಿಯಾದರೂ ಏರಿರಬೇಕು, ಅಲ್ವಾ? ಮೊದಲು ಪಂಚಾಂಗ (ಗೋಡೆಯ ಬುಡದ ಕಟ್ಟೆ) ಅಂಗಳಕ್ಕಿಂತ ಎತ್ತರದಲ್ಲಿತ್ತು. ಈಗ ಅಂಗಳದ ನೀರು ನೇರ ಗೋಡೆಗೆ ಸೋಕುತ್ತದೆ. ಆದ್ದರಿಂದ ಹೊರಗಿನಿಂದಲೇ ಶುರು ಮಾಡಿ. ಗೋಡೆಯ ಸುತ್ತ ಎರಡು ಅಡಿ ಅಗಲಕ್ಕೆ ಇಂಟರ್‌ಲಾಕ್ ತೆಗೆಸಿ, ಒಳಗಿನ ನೆಲಕ್ಕಿಂತ ಕೆಳಗಾಗುವಂತೆ ಮಣ್ಣು ಇಳಿಸಿ. ಅಲ್ಲಿ ಜಲ್ಲಿ ತುಂಬಿಸಿ, ನೀರು ಗೋಡೆಯಿಂದ ದೂರ ಚರಂಡಿಗೆ ಹೋಗಲಿ. ಮಾಡಿಗೆ ದಂಬೆ ಇಲ್ಲದಿದ್ದರೆ ಕಟ್ಟಿಸಿ.

ಆಮೇಲೆ ಒಳಗಿನ ಕೆಲಸ. ಒದ್ದೆ ಕಂಡ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟ್ ಸಾರಣೆ ಪೂರ್ತಿ ಕೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನ ಒಳಗೇ ಹೋಗುತ್ತದೆ. ನಂತರ ಒಂದು ಬೇಸಿಗೆ ಪೂರ್ತಿ ಗೋಡೆ ಬರಿಮೈಯಲ್ಲಿ ಆರಲಿ. ನೋಡಲು ಚೆನ್ನಾಗಿರುವುದಿಲ್ಲ, ನೆಂಟರು ಕೇಳುತ್ತಾರೆ, ಆದರೂ ತಡೆದುಕೊಳ್ಳಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಅದರ ಮೇಲೆ ಸುಣ್ಣ. ಸುಣ್ಣದ ಕೆಲಸ ಗೊತ್ತಿರುವ ಹಳೆಯ ಮೇಸ್ತ್ರಿಗಳು ನಮ್ಮ ಕಡೆ ಇನ್ನೂ ಇದ್ದಾರೆ. ಹುಡುಕಿ ಕರೆಸಿ, ಕಿರಿಯರೂ ಜೊತೆಗೆ ನಿಂತು ಕಲಿಯಲಿ.

ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬುವ ವಿಧಾನವೂ ಇದೆ. ಕೆಂಪುಕಲ್ಲಿನಲ್ಲಿ ಪೊಳ್ಳು ಜಾಸ್ತಿಯಾದ್ದರಿಂದ ಅದು ಸಮನಾಗಿ ಹರಡುವುದು ಕಷ್ಟ. ಖರ್ಚೂ ಜಾಸ್ತಿ. ಅದು ಕೊನೆಗೆ ಇರಲಿ. ಒದ್ದೆ ಗೋಡೆಗೆ ಟೈಲ್ಸ್ ಅಂಟಿಸಿ ಮುಚ್ಚುವುದಂತೂ ಬೇಡವೇ ಬೇಡ. ನೀರು ಟೈಲ್ಸ್ ದಾಟಿ ಇನ್ನೂ ಮೇಲೆ ಏರುತ್ತದೆ.

ಬೇರೆ ಓದುಗರಿಗೂ ಒಂದು ಮಾತು. ಒದ್ದೆ ಗೋಡೆಯೆಲ್ಲ ಇದೇ ಕಾರಣಕ್ಕಲ್ಲ. ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಕಂಡರೆ ಅದು ಗಾಳಿಯ ತೇವ. ಅದಕ್ಕೆ ಗಾಳಿಯಾಡಿಸುವುದೇ ಮದ್ದು. ಒಂದೇ ಜಾಗದಲ್ಲಿ, ಬೇಸಿಗೆಯಲ್ಲೂ, ಬಾತ್‌ರೂಮಿನ ಹಿಂದೆ ಒದ್ದೆಯಿದ್ದರೆ ಪೈಪ್ ಅನುಮಾನಿಸಿ. ರಾತ್ರಿ ಟ್ಯಾಂಕಿಯ ನೀರಿನ ಮಟ್ಟಕ್ಕೆ ಗುರುತು ಮಾಡಿ ಪಂಪ್, ನಲ್ಲಿ ಎಲ್ಲ ಬಂದ್ ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಪ್ಲಂಬರಿಗೆ ಹೇಳಿ.

ದುಬೈಯಿಂದ: ನಮ್ಮ ಮನೆ ಮಂಜೇಶ್ವರದಲ್ಲಿ. ಈ ಸಲ ಜೂನ್‌ನಿಂದ ಆರು ತಿಂಗಳು ಬೀಗ. ಏನೇನು ಮಾಡಿ ಹೊರಡಬೇಕು?

ಬೀಗ ಹಾಕಿದ ಮನೆಗೆ ಮಳೆಗಿಂತ ದೊಡ್ಡ ಅಪಾಯ ನಿಮ್ಮದೇ ಟ್ಯಾಂಕಿಯ ನೀರು. ವಾಷಿಂಗ್ ಮೆಷಿನ್ನಿನ ಅಥವಾ ಕಮೋಡಿನ ಒಂದು ಹೋಸ್ ಒಡೆದರೆ ಟ್ಯಾಂಕಿ ಖಾಲಿಯಾಗುವವರೆಗೆ ಸುರಿಯುತ್ತದೆ. ಆಟೋಮ್ಯಾಟಿಕ್ ಪಂಪ್ ಇದ್ದರೆ ಬಾವಿಯಿಂದ ಮತ್ತೆ ಮತ್ತೆ ತುಂಬುತ್ತಲೇ ಇರುತ್ತದೆ. ಪಂಪಿನ ಸ್ವಿಚ್ ಆಫ್ ಮಾಡಿ. ಟ್ಯಾಂಕಿಯಿಂದ ಮನೆಗೆ ಇಳಿಯುವ ವಾಲ್ವ್ ಬಂದ್ ಮಾಡಿ. ಮೊದಲು ಗೀಸರ್ ಆಫ್ ಮಾಡಿ, ಆಮೇಲೆ ಕೆಳಗಿನ ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ ಮುಚ್ಚಿ. ಐದು ವರ್ಷ ದಾಟಿದ ಹೋಸ್‌ಗಳನ್ನು ಬದಲಿಸುವುದು ಒಳ್ಳೆಯದು.

ಕಪಾಟುಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದೆ ತನ್ನಿ, ಬಾಗಿಲು ತೆರೆದೇ ಇಡಿ. ಮುಚ್ಚಿದ ಕಪಾಟಿನೊಳಗೆ ಬಟ್ಟೆಗೂ ಕಾಗದಕ್ಕೂ ಬೂಷ್ಟು ಬರುತ್ತದೆ. ಜಾಗದ ಆಧಾರಪತ್ರ, ಮಾರ್ಕ್ಸ್ ಕಾರ್ಡ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಎತ್ತರದಲ್ಲಿಡಿ.

ಇದೆಲ್ಲಕ್ಕಿಂತ ಮುಖ್ಯ, ಕೀಲಿಕೈ ಒಬ್ಬರ ಹತ್ತಿರ ಇರಲಿ. ಅಕ್ಕನೋ ಭಾವನೋ ನೆರೆಯವರೋ ವಾರಕ್ಕೊಮ್ಮೆ ಬಂದು ಕಿಟಕಿ ತೆರೆಯಲಿ, ಟೆರೇಸಿನ ಪೈಪಿನ ಬಾಯಿಯಿಂದ ಎಲೆ ತೆಗೆಯಲಿ. ಮೊದಲ ದೊಡ್ಡ ಮಳೆಯ ಮರುದಿನ ಸೀಲಿಂಗಿನ, ಟೆರೇಸಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಹೇಳಿ. ಮೇನ್ ವಾಲ್ವ್ ಎಲ್ಲಿದೆ, ಹೇಗೆ ಮುಚ್ಚುವುದು ಎಂದು ಹೊರಡುವ ಮೊದಲು ಅವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ.

ಪೆರ್ಲದಿಂದ: ಹಂಚಿನ ಮನೆ. ಸಾಮಾನ್ಯ ಮಳೆಗೆ ಸೋರುವುದಿಲ್ಲ, ಗಾಳಿಮಳೆಗೆ ಮಾತ್ರ ಸೋರುತ್ತದೆ. ಎಲ್ಲ ಹಂಚು ಬದಲಿಸಬೇಕಾ?

ಬೇಡ. ಗಾಳಿಗೆ ಮಾತ್ರ ಸೋರುವುದಾದರೆ ಹೆಚ್ಚಾಗಿ ಹಂಚುಗಳು ಜಾರಿ, ಒಂದರ ಮೇಲೊಂದು ಕೂರುವ ಅಂಚು ಕಡಿಮೆಯಾಗಿರುತ್ತದೆ. ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಬಾಗಿದ್ದರೂ ಹೀಗಾಗುತ್ತದೆ. ಹಗಲಲ್ಲಿ ಅಟ್ಟಕ್ಕೆ ಹತ್ತಿ ಲೈಟ್ ಆಫ್ ಮಾಡಿ ನೋಡಿ. ಬೆಳಕು ತೂರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಒಡೆದ ಹಂಚು, ಗೆದ್ದಲು ಹಿಡಿದ ರೀಪು ಮಾತ್ರ ಬದಲಿಸಿ. ಮಾಡಿನ ನೆತ್ತಿಯ ಹಂಚಿಗೆ ಹಾಕಿದ ಗಾರೆ ಬಿರಿದಿದ್ದರೆ ಹೊಸದಾಗಿ ಹಾಕಿಸಿ. ಎರಡು ಮಾಡು ಸೇರುವಲ್ಲಿನ ತಗಡಿನಲ್ಲಿ ಕಸ ಕಟ್ಟಿದ್ದರೆ ತೆಗೆಸಿ, ತುಕ್ಕು ತಿಂದಿದ್ದರೆ ಬದಲಿಸಿ. ಹಳೆಯ ಹಂಚಿನ ಅಳತೆಗೆ ಹೊಸ ಹಂಚು ಎಲ್ಲ ಸಲ ಕೂರುವುದಿಲ್ಲ. ಒಂದು ಹಂಚನ್ನು ಮಾದರಿಗೆ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಹಳೆಯ ಮನೆ ಕೆಡವಿದ ಕಡೆ ಅದೇ ಅಳತೆಯದ್ದು ಸಿಕ್ಕಿದರೆ ಇಪ್ಪತ್ತೈದು ಮೂವತ್ತು ಜಾಸ್ತಿಯೇ ತಂದು ಕೊಟ್ಟಿಗೆಯಲ್ಲಿ ಪೇರಿಸಿಡಿ.