ಬಿ ಕಾಂಪ್ಲೆಕ್ಸ್ ನುಂಗಿದರೆ ಕೊರೊನಾ, ಫ್ಲೂ ತೀವ್ರವಾಗುವುದಿಲ್ಲವೇ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ತಾಯಿಗೆ 66 ವರ್ಷ, ಸಸ್ಯಾಹಾರಿ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಬಿ ವಿಟಮಿನ್ ಕೊಟ್ಟ ಕೊರೊನಾ ರೋಗಿಗಳಿಗೆ ಆಮ್ಲಜನಕವೇ ಬೇಕಾಗಲಿಲ್ಲ, ಸಿಂಗಾಪುರದಲ್ಲಿ ಸಾಬೀತಾಗಿದೆ ಎಂಬ ಬರಹ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಮಳೆಗಾಲ ಹಿಡಿಯುವ ಮುಂಚೆ ಮನೆಯ ಐದೂ ಮಂದಿಗೆ ಬಿ ಕಾಂಪ್ಲೆಕ್ಸ್, ಅಂದರೆ ಹಲವು ಬಿ ವಿಟಮಿನ್‌ಗಳು ಒಟ್ಟಿಗಿರುವ ಮಾತ್ರೆ, ಶುರು ಮಾಡಲೇ ಎಂದು ಕೇಳಿದ್ದೀರಿ.

ಐದು ಮಂದಿಗೂ ಬೇಡ. ತಾಯಿಯ ವಿಷಯ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ವೈದ್ಯನಲ್ಲ. ಬಿ.ಫಾರ್ಮ ಓದಿ, ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಔಷಧದ ಅಂಗಡಿ ನಡೆಸುತ್ತಿದ್ದೇನೆ. ನಮ್ಮಲ್ಲಿ ಬಿ ಕಾಂಪ್ಲೆಕ್ಸ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಶಕ್ತಿ ಮಾತ್ರೆ ಕೊಡಿ’ ಎನ್ನುತ್ತಾರೆ, ಇಲ್ಲವೇ ‘ಬಾಯಿಹುಣ್ಣಿನ ಮಾತ್ರೆ’. 2021ರ ಏಪ್ರಿಲ್, ಮೇ ತಿಂಗಳಲ್ಲಿ ಅದೇ ಮಾತ್ರೆಗೆ ‘ಕೊರೊನಾ ಮಾತ್ರೆ’ ಎಂಬ ಹೆಸರೂ ಬಂತು. ಜಿಂಕ್, ವಿಟಮಿನ್ ಸಿ ಜೊತೆಗೆ ಇದನ್ನೂ ಸೇರಿಸಿ ಬರೆದ ಚೀಟಿಗಳು ದಿನಕ್ಕೆ ನೂರಾರು. ಮಾರಿದವನು ನಾನೇ ಆದ್ದರಿಂದ, ಆಮೇಲೆ ಬಿಡುವಾದಾಗ ಕೂತು ಇದರ ಹಿಂದೆ ಏನಿತ್ತು ಎಂದು ಓದಿಕೊಂಡೆ.

ಮೊದಲು ಸಿಂಗಾಪುರದ ಕಥೆ. ಅಧ್ಯಯನ ನಿಜ, ‘ಆಮ್ಲಜನಕವೇ ಬೇಕಾಗಲಿಲ್ಲ’ ಎಂಬುದು ಮಾತ್ರ ಉತ್ಪ್ರೇಕ್ಷೆ. 2020ರಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ 50 ವರ್ಷ ದಾಟಿದ 43 ಕೊರೊನಾ ರೋಗಿಗಳನ್ನು ನೋಡಿದರು. 17 ಮಂದಿಗೆ ವಿಟಮಿನ್ ಡಿ, ಮೆಗ್ನೀಸಿಯಂ, 500 ಮೈಕ್ರೊಗ್ರಾಂ ಬಿ12 ಒಟ್ಟಿಗೆ ಸಿಕ್ಕಿತ್ತು. 26 ಮಂದಿಗೆ ಸಿಕ್ಕಿರಲಿಲ್ಲ. ಆಮ್ಲಜನಕ ಬೇಕಾದದ್ದು ಮೊದಲ ಗುಂಪಿನಲ್ಲಿ ಮೂವರಿಗೆ, ಎರಡನೆಯದರಲ್ಲಿ 16 ಮಂದಿಗೆ. ಶೇಕಡಾವಾರು ಹೇಳಿದರೆ 17.6 ಮತ್ತು 61.5. ಎದೆ ಝಲ್ಲೆನ್ನಿಸುವ ವ್ಯತ್ಯಾಸ.

ಆದರೆ ಆ ಎರಡು ಗುಂಪು ಹೇಗೆ ಆದವು ನೋಡಿ. ಚೀಟಿ ಎತ್ತಿ ಹಂಚಿದ್ದಲ್ಲ. ಏಪ್ರಿಲ್ 6ರಿಂದ ಆಸ್ಪತ್ರೆಯಲ್ಲಿ ಈ ಮೂರನ್ನು ಕೊಡಲು ಶುರು ಮಾಡಿದರು. ಅದಕ್ಕೂ ಮುಂಚೆ ದಾಖಲಾದವರು ಒಂದು ಗುಂಪು, ಆಮೇಲೆ ಬಂದವರು ಇನ್ನೊಂದು. ಮಾತ್ರೆ ಸಿಕ್ಕವರು ಸರಾಸರಿಯಲ್ಲಿ ಐದಾರು ವರ್ಷ ಚಿಕ್ಕವರೂ ಆಗಿದ್ದರು. ಕೊರೊನಾದಲ್ಲಿ ವಯಸ್ಸಿಗಿಂತ ದೊಡ್ಡ ಅಪಾಯ ಇನ್ನೊಂದಿರಲಿಲ್ಲ ಎಂಬುದು ನಿಮಗೂ ನೆನಪಿದೆ. ಆ ಮೊದಲ ತಿಂಗಳುಗಳಲ್ಲಿ ವೈದ್ಯರ ಕೈಯೂ ವಾರದಿಂದ ವಾರಕ್ಕೆ ಪಳಗುತ್ತಿತ್ತು. ಅದರ ಮೇಲೆ ಕೊಟ್ಟದ್ದು ಮೂರು ವಸ್ತು. ಗುಣವಾಗಿದ್ದರೆ ಯಾವುದರಿಂದ? ವಾಟ್ಸ್‌ಆ್ಯಪ್ ಬರಹ ಮೂರರಲ್ಲಿ ಎರಡನ್ನು ಕೈಬಿಟ್ಟು ಕೀರ್ತಿಯೆಲ್ಲ ಬಿ12ಕ್ಕೆ ಕೊಟ್ಟಿದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕುವಾಗ ಕೊಂಬೆಯ ಮೇಲೆ ಮೂರು ಕಾಗೆಗಳಿದ್ದವು ಎಂಬುದನ್ನಾದರೂ ಹೇಳಬೇಕಿತ್ತು. ಅಧ್ಯಯನ ಮಾಡಿದವರು ಹಾಗೆ ಹೇಳಿಲ್ಲ, ಅವರು ದೊಡ್ಡ ಪರೀಕ್ಷೆ ನಡೆಯಲಿ ಎಂದಷ್ಟೇ ಬರೆದರು.

ಸೌದಿ ಅರೇಬಿಯಾದಿಂದಲೂ ಒಂದು ವರದಿ ಬಂತು, 2021ರಲ್ಲಿ. ತೀವ್ರ ನಿಗಾ ಘಟಕದಲ್ಲಿದ್ದ 738 ರೋಗಿಗಳ ದಾಖಲೆ ತಿರುವಿ, ಥಯಮಿನ್ ಅಂದರೆ ಬಿ1 ಸಿಕ್ಕಿದ್ದ 83 ಮಂದಿಗೆ ಸರಿಸಾಟಿಯಾದ, ಬಿ1 ಸಿಗದ 83 ಮಂದಿಯನ್ನು ಹೊಂದಿಸಿ ನೋಡಿದರು. ಬಿ1 ಸಿಕ್ಕವರಲ್ಲಿ ಸಾವು ಕಡಿಮೆ ಇತ್ತು. ಇದು ಸಿಂಗಾಪುರದ್ದಕ್ಕಿಂತ ಗಟ್ಟಿ ಕೆಲಸ. ಆದರೂ ಹಿಂದಿನ ದಾಖಲೆಯ ಮೇಲೆ ನಿಂತದ್ದು, ಮತ್ತು ವೆಂಟಿಲೇಟರ್ ಪಕ್ಕದಲ್ಲಿರುವ ರೋಗಿಯ ವಿಷಯ. ಅಲ್ಲಿ ದೇಹ ಬಿ1ನ್ನು ವೇಗವಾಗಿ ಖರ್ಚು ಮಾಡುತ್ತದೆ, ಊಟ ನಿಂತಿರುತ್ತದೆ, ಕೊರತೆ ನಿಜವಾಗಿಯೂ ಬೀಳಬಹುದು. ಬೆಳಗ್ಗೆ ಎದ್ದು ದೋಸೆ ತಿಂದು ಕೆಲಸಕ್ಕೆ ಹೋಗುವ ನಿಮ್ಮ ಮನೆಯವರಿಗೆ ಅದನ್ನು ಹಚ್ಚುವಂತಿಲ್ಲ.

ಇನ್ನು ಪ್ರಯೋಗಾಲಯದ ಸುದ್ದಿಗಳು. ಬಿ12 ಕೊರೊನಾ ವೈರಸ್ಸಿನ ಒಂದು ಕಿಣ್ವಕ್ಕೆ ಅಂಟಿಕೊಳ್ಳಬಹುದು ಎಂದು ಫರೀದಾಬಾದಿನ ಸಂಶೋಧಕರು ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಕಂಡರು. ಅದು ಪರದೆಯ ಮೇಲಿನ ಲೆಕ್ಕ. ಬಿ2 ಕೊರೊನಾ ವೈರಸ್ ಕೊಲ್ಲುತ್ತದೆ ಎಂಬ ಸುದ್ದಿಯೂ ಓಡಾಡಿತು. ಅದರ ಮೂಲ ಇದು: ದಾನಿಗಳ ಪ್ಲಾಸ್ಮಾಕ್ಕೆ ರೈಬೊಫ್ಲೇವಿನ್ ಬೆರೆಸಿ ನೇರಳಾತೀತ ಬೆಳಕು ಹಾಯಿಸಿದರೆ ವೈರಸ್ಸಿನ ಆರ್‌ಎನ್‌ಎ ಹಾಳಾಗುತ್ತದೆ, ರಕ್ತವನ್ನು ಸುರಕ್ಷಿತಗೊಳಿಸುವ ಒಂದು ವಿಧಾನ ಅದು. ಚೀಲದಲ್ಲಿ ನಡೆಯುವ ಕೆಲಸ. ನಮ್ಮ ಹೊಟ್ಟೆಯೊಳಗೆ ಟ್ಯೂಬ್‌ಲೈಟ್ ಇಲ್ಲವಲ್ಲ.

ಹಾಗಾದರೆ ಚೀಟಿ ಎತ್ತಿದಂತೆ ಹಂಚಿ ನೋಡಿದ ಪರೀಕ್ಷೆಗಳೇ ಇಲ್ಲವೇ ಎಂದರೆ, ಕೊರೊನಾಕ್ಕಿಂತ ಮುಂಚಿನವು ಇವೆ. ಬಿ ವಿಟಮಿನ್‌ಗಳೂ ಇರುವ ಬಹುವಿಟಮಿನ್ ಮಾತ್ರೆಯನ್ನು ಸ್ಕಾಟ್ಲೆಂಡಿನಲ್ಲಿ 65 ದಾಟಿದ 910 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಕೊಟ್ಟರು, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಸೋಂಕಿಗಾಗಿ ವೈದ್ಯರ ಬಳಿ ಹೋದದ್ದು, ಸೋಂಕಿನಿಂದ ನರಳಿದ ದಿನಗಳು, ಎರಡರಲ್ಲೂ ಫರಕು ಕಾಣಲಿಲ್ಲ. ಇದು 2005ರ ಮಾತು. ಅದಕ್ಕೂ ಎರಡು ವರ್ಷ ಮುಂಚೆ ಅಮೆರಿಕದಲ್ಲಿ 130 ಮಂದಿಯ ಸಣ್ಣ ಪರೀಕ್ಷೆಯಲ್ಲಿ ಮಾತ್ರ ಲಾಭ ಕಂಡಿತ್ತು, ಆ ಲಾಭ ಹೆಚ್ಚುಕಡಿಮೆ ಪೂರ್ತಿ ಬಂದದ್ದು ಅವರಲ್ಲಿದ್ದ ಸಕ್ಕರೆ ಕಾಯಿಲೆಯವರಿಂದ. ಹುಸಿ ಮಾತ್ರೆ ಸಿಕ್ಕ ಮಧುಮೇಹಿಗಳಲ್ಲಿ ಶೇ. 93 ಮಂದಿಗೆ ವರ್ಷದಲ್ಲಿ ಸೋಂಕು, ವಿಟಮಿನ್ ಸಿಕ್ಕವರಲ್ಲಿ ಶೇ. 17. ಸಂಖ್ಯೆ ಚಿಕ್ಕದು, ನಂಬಿ ಕುಣಿಯುವಂತಿಲ್ಲ. ಆದರೆ ನಿಮ್ಮ ತಾಯಿಯ ಕಾರಣಕ್ಕೆ ಇದನ್ನು ಒಂದು ಮೂಲೆಯಲ್ಲಿ ಇಟ್ಟುಕೊಂಡಿರಿ.

ಈ ಕ್ಷೇತ್ರದಲ್ಲಿ ಒಂದು ಕಹಿ ಕಥೆಯೂ ಇದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿದ್ದ ರಂಜಿತ್ ಚಂದ್ರ ಎಂಬ ಭಾರತೀಯ ಮೂಲದ ವಿಜ್ಞಾನಿ 1992ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ವೃದ್ಧರಿಗೆ ವಿಟಮಿನ್, ಖನಿಜ ಕೊಟ್ಟರೆ ವರ್ಷದಲ್ಲಿ ಸೋಂಕಿನ ದಿನಗಳು 48ರಿಂದ 23ಕ್ಕೆ ಇಳಿಯುತ್ತವೆ. ಜಗತ್ತೇ ಅದನ್ನು ಉಲ್ಲೇಖಿಸಿತು. ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡದ್ದು 2016ರಲ್ಲಿ. 24 ವರ್ಷ ಅದು ಎಷ್ಟು ಪಠ್ಯಗಳಿಗೆ, ಎಷ್ಟು ಮಾತ್ರೆ ಡಬ್ಬಿಗಳ ಕರಪತ್ರಗಳಿಗೆ ಆಧಾರವಾಗಿತ್ತೋ! ನಮ್ಮ ಅಂಗಡಿಗೆ ಬರುತ್ತಿದ್ದ ಪ್ರತಿನಿಧಿಗಳು ‘ವೃದ್ಧರಲ್ಲಿ ಸೋಂಕು ಅರ್ಧಕ್ಕೆ ಇಳಿಯುತ್ತದೆ ಸಾರ್’ ಎನ್ನುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ಮಾತು ಎಲ್ಲಿಂದ ಹೊರಟಿರಬಹುದು ಎಂದು ಹೊಳೆದದ್ದು ಬಹಳ ತಡವಾಗಿ.

ನಿಜವಾಗಿ ಕೆಲಸ ಮಾಡುವ ಮದ್ದು ಪರೀಕ್ಷೆಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನೋಡಿ. ಅದೂ ಅಗ್ಗದ ಮಾತ್ರೆಯೇ. ಬ್ರಿಟನ್ನಿನಲ್ಲಿ 6,425 ಕೊರೊನಾ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ನೋಡಿದಾಗ, ವೆಂಟಿಲೇಟರ್‌ನಲ್ಲಿದ್ದವರ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕ ಬೇಡದವರಿಗೆ ಲಾಭವಾಗಲಿಲ್ಲ ಎಂಬುದೂ ಅದೇ ಪರೀಕ್ಷೆಯಲ್ಲಿ ಗೊತ್ತಾಯಿತು. ಬಿ ವಿಟಮಿನ್‌ಗಳ ಪರವಾಗಿ ಇಂಥ ಕಾಗದ ನನಗೆ ಒಂದೂ ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಬಿ ವಿಟಮಿನ್ ಬರೀ ಬೂಟಾಟಿಕೆ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಎದೆಹಾಲು ಮಾತ್ರ ಕುಡಿಯುವ ಎಳೆ ಕೂಸುಗಳು ಏದುಸಿರು ಬಿಡುತ್ತ, ಹಾಲು ಬಿಟ್ಟು, ಧ್ವನಿ ಕೂಡ ಕುಗ್ಗಿ ಆಸ್ಪತ್ರೆಗೆ ಬರುತ್ತಿದ್ದವು. ನೋಡಿದರೆ ನ್ಯುಮೋನಿಯಾ, ಇಲ್ಲವೇ ರಕ್ತದ ನಂಜು ಎಂದೇ ತೋರುತ್ತಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ್ದನ್ನು ಕಂಡು, ಥಯಮಿನ್ ಚುಚ್ಚುಮದ್ದು ಕೊಟ್ಟು ನೋಡಿದರು. ಬಹುಪಾಲು ಕೂಸುಗಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಂಡವು. ಕಾರಣ ಹುಡುಕಿದರೆ ಸಿಕ್ಕದ್ದು ಬಾಣಂತಿ ಪಥ್ಯ: ತಿಂಗಳುಗಟ್ಟಲೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನವೇ ಊಟ; ಬೇಳೆ, ಸೊಪ್ಪು, ಕಾಳು ವರ್ಜ್ಯ. ತಾಯಿಯಲ್ಲಿ ಬಿ1 ಇಲ್ಲ, ಹಾಲಿನಲ್ಲೂ ಇಲ್ಲ.

ನಾನು ಆ ವರದಿ ಓದಿದ ದಿನ ನನ್ನ ಅತ್ತಿಗೆಯ ಬಾಣಂತನ ನೆನಪಾಯಿತು. ಒಂದೂವರೆ ತಿಂಗಳು ಅವರ ತಟ್ಟೆಯಲ್ಲಿ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು ಬಿಟ್ಟು ಬೇರೇನೂ ಕಂಡದ್ದಿಲ್ಲ. ‘ಸೊಪ್ಪು ತಿಂದರೆ ಮಗುವಿಗೆ ಭೇದಿ’ ಎಂದು ನಮ್ಮಮ್ಮ ಪಟ್ಟು ಹಿಡಿದಿದ್ದರು, ಔಷಧದ ಅಂಗಡಿ ಇಟ್ಟುಕೊಂಡ ನಾನು ಬಾಯಿ ಮುಚ್ಚಿಕೊಂಡಿದ್ದೆ. ಪುಣ್ಯಕ್ಕೆ ಏನೂ ಆಗಲಿಲ್ಲ.

ಕೊರತೆ ಇದ್ದಲ್ಲಿ ಬಿ ವಿಟಮಿನ್ ಸಂಜೀವಿನಿಯಂತೆ ಕೆಲಸ ಮಾಡುತ್ತದೆ. ರೋಗನಿರೋಧಕ ಕಣಗಳು ಪಟಪಟನೆ ವಿಭಜನೆಯಾಗಲು ಫೋಲೇಟ್ (ಬಿ9), ಬಿ12, ಬಿ6 ಬೇಕೇ ಬೇಕು. ಬಿ12 ತೀರಾ ಕಡಿಮೆಯಿದ್ದವರಲ್ಲಿ ವೈರಸ್ ತಗುಲಿದ ಜೀವಕೋಶಗಳನ್ನು ಕೊಲ್ಲುವ ಕಣಗಳು ಕುಗ್ಗಿದ್ದು, ಬಿ12 ಕೊಟ್ಟ ಮೇಲೆ ಸರಿಹೋದದ್ದು ದಾಖಲಾಗಿದೆ. ತುಂಬಿದ ಕೊಡಕ್ಕೆ ನೀರು ಸುರಿದರೆ ಏನಾಗುತ್ತದೆ ಎಂಬುದನ್ನು ನೋಡಲು ಪ್ರಯೋಗಾಲಯವೂ ಬೇಡ. ನನ್ನ ಮೇಜಿನ ಮೇಲಿರುವ ಸ್ಟ್ರಿಪ್ಪಿನ ಬೆನ್ನ ಮೇಲೆ ಬಿ2 10 ಮಿಲಿಗ್ರಾಂ ಎಂದಿದೆ. ದಿನಕ್ಕೆ ಬೇಕಾದದ್ದು ಸುಮಾರು 2. ಉಳಿದದ್ದು ಎರಡು ಮೂರು ಗಂಟೆಯಲ್ಲಿ ಮೂತ್ರದಲ್ಲಿ ಹೊರಗೆ ಬರುತ್ತದೆ, ಗಾಢ ಹಳದಿಯಾಗಿ. ‘ಕಾಮಾಲೆ ಆಯಿತೇ’ ಎಂದು ಗಾಬರಿಯಾಗಿ ಅಂಗಡಿಗೆ ಓಡಿ ಬಂದವರನ್ನು ಲೆಕ್ಕವಿಡುವುದನ್ನೇ ಬಿಟ್ಟಿದ್ದೇನೆ.

‘ಹೇಗೂ ಹೊರಗೆ ಹೋಗುತ್ತದಲ್ಲ, ತೊಂದರೆ ಏನು?’ ಎಂದು ನೀವು ಕೇಳಬಹುದು. ಸಾಮಾನ್ಯ ಬಿ ಕಾಂಪ್ಲೆಕ್ಸ್‌ನಿಂದ ಹಣ ಪೋಲಾಗುವುದು ಬಿಟ್ಟರೆ ಅಷ್ಟೇನೂ ಇಲ್ಲ. ಆದರೆ ಎರಡು ಮೂರು ಬಗೆಯ ಮಾತ್ರೆ ಒಟ್ಟಿಗೆ ನುಂಗುವವರು ಇದ್ದಾರೆ. ಬಿ6 ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೋದರೆ ನರಗಳಿಗೇ ಏಟು, ಕೈಕಾಲು ಜೋಮು ಹಿಡಿಯುತ್ತದೆ. ಯುರೋಪಿನವರು 2023ರಲ್ಲಿ ಅದರ ಮೇಲ್ಮಿತಿಯನ್ನು ದಿನಕ್ಕೆ 12 ಮಿಲಿಗ್ರಾಂಗೆ ಇಳಿಸಿದರು. ಕೂದಲು ಉದುರುವುದಕ್ಕೆಂದು ಮಾರುವ 10 ಮಿಲಿಗ್ರಾಂ ಬಯೋಟಿನ್ (ಬಿ7) ಇನ್ನೊಂದು ತಂಟೆ: ಅದು ರಕ್ತಪರೀಕ್ಷೆಯ ಯಂತ್ರವನ್ನೇ ಯಾಮಾರಿಸುತ್ತದೆ. ಥೈರಾಯ್ಡ್ ತೊಂದರೆ ಇಲ್ಲದವರಿಗೆ ಥೈರಾಯ್ಡ್ ಹೆಚ್ಚಾಗಿದೆ ಎಂದು ತೋರಿಸಬಹುದು, ಹೃದಯಾಘಾತ ಪತ್ತೆಹಚ್ಚುವ ಟ್ರೊಪೋನಿನ್ ಅನ್ನು ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದಾರೆ.

ಈಗ ನಿಮ್ಮ ತಾಯಿ. ಸಸ್ಯಾಹಾರಿ, 60 ದಾಟಿದವರು, ಹತ್ತು ವರ್ಷದ ಮೆಟ್‌ಫಾರ್ಮಿನ್. ಬಿ12 ಕಡಿಮೆಯಾಗಲು ಈ ಮೂರೂ ದಾರಿಗಳೇ. ಜೊತೆಗೆ ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್ ದಿನವೂ ಹೋಗುತ್ತಿದ್ದರೆ ನಾಲ್ಕನೆಯದು. ಅಂಗಾಲು ಉರಿ, ಜೋಮು ಇದ್ದರೆ ‘ಸಕ್ಕರೆಯಿಂದ’ ಎಂದು ಸುಮ್ಮನಾಗಬೇಡಿ, ಬಿ12 ಕೊರತೆಯೂ ಅದೇ ವೇಷದಲ್ಲಿ ಬರುತ್ತದೆ. ಇಂಥವರಿಗೆ ‘ಶಕ್ತಿ ಮಾತ್ರೆ’ ಕೊಟ್ಟು ಸಮಾಧಾನಪಡುವುದು ತಪ್ಪು, ಏಕೆಂದರೆ ಅನೇಕ ಬಿ ಕಾಂಪ್ಲೆಕ್ಸ್‌ಗಳಲ್ಲಿ ಬಿ12 ಇರುವುದು 5ರಿಂದ 15 ಮೈಕ್ರೊಗ್ರಾಂ. ಹೀರಿಕೊಳ್ಳುವ ಸಹಜ ದಾರಿ ಕೆಟ್ಟವರಲ್ಲಿ ನೂರಕ್ಕೆ ಒಂದು ಭಾಗದಷ್ಟು ಮಾತ್ರ ಒಳಗೆ ಹೋಗುತ್ತದೆ. ಅದಕ್ಕೇ ವೈದ್ಯರು 1,000 ಮೈಕ್ರೊಗ್ರಾಂ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಬರೆಯುವುದು. ಬರೀ ಫೋಲಿಕ್ ಆಸಿಡ್ ನುಂಗಿದರಂತೂ ರಕ್ತಹೀನತೆ ಮರೆಯಾಗಿ ನರದ ಹಾನಿ ಒಳಗೊಳಗೇ ಮುಂದುವರಿಯಬಹುದು.

ತಾಯಿಗೆ ಬಿ12 ಕೊರೊನಾ ತಡೆಯಲು ಅಲ್ಲ, ಅವರ ನರ, ರಕ್ತ, ನೆನಪಿಗಾಗಿ. ಉಸಿರಾಟದ ಸೋಂಕಿನ ಚಿಂತೆಗೆ ಖರ್ಚು ಮಾಡುವುದಿದ್ದರೆ ಐದು ಜನರ ಮಾತ್ರೆಯ ದುಡ್ಡನ್ನು ತಾಯಿಯ ಫ್ಲೂ ಲಸಿಕೆಗೆ ಹಾಕಿ, ಸಕ್ಕರೆ ಹತೋಟಿಯಲ್ಲಿದೆಯೇ ನೋಡಿಸಿ.

ಮಾತ್ರೆ ಶುರು ಮಾಡುವ ಮುಂಚೆ ಬಿ12 ಪರೀಕ್ಷೆ ಮಾಡಿಸಿ. ನಾಲ್ಕು ದಿನ ನುಂಗಿ ಆಮೇಲೆ ರಕ್ತ ಕೊಟ್ಟರೆ ಅಂಕಿ ಏರಿ, ಕೊರತೆ ಇತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಕೂದಲಿನ ಮಾತ್ರೆಯನ್ನು ತಾಯಿಗೂ ಕೊಡುತ್ತಿದ್ದರೆ ಅದನ್ನು ಎರಡು ಮೂರು ದಿನ ಮೊದಲೇ ನಿಲ್ಲಿಸಿ, ರಕ್ತ ತೆಗೆಯುವವರಿಗೂ ಹೇಳಿ. ವರದಿ ಹಿಡಿದು ಮೆಟ್‌ಫಾರ್ಮಿನ್ ಬರೆಯುವ ವೈದ್ಯರ ಬಳಿಗೇ ಹೋಗಿ. ಅಷ್ಟರಲ್ಲಿ ಅವರ ಮಾತ್ರೆ ಡಬ್ಬಿಯಲ್ಲಿ ಸದ್ಯ ಏನೇನಿದೆ ಎಂದು ಇಲ್ಲಿ ಬರೆದರೆ ಯಾವುದು ಎರಡೆರಡು ಸಲ ಹೋಗುತ್ತಿದೆ ಎಂದು ನೋಡಿ ಹೇಳುತ್ತೇನೆ.