ಬಿಪಿ ನಾರ್ಮಲ್ ಬಂತು ಅಂತ ಅಪ್ಪ ಮಾತ್ರೆ ಬಿಟ್ಟಿದ್ದಾರೆ, ಏನು ಮಾಡಲಿ?

ನಿಮ್ಮ ತಂದೆಗೆ 61 ವರ್ಷ, ಟೆಲ್ಮಿಸಾರ್ಟಾನ್ 40, ಆಮ್ಲೊಡಿಪಿನ್ 5 ಎಂಬ ಎರಡು ಬಿಪಿ ಮಾತ್ರೆಗಳನ್ನು ಎರಡು ತಿಂಗಳು ನುಂಗಿ ಆಮೇಲೆ ನಿಲ್ಲಿಸಿದ್ದಾರೆ, ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದು ಬರೆದಿದ್ದೀರಿ. ಬೈದು ಉಪಯೋಗವಿಲ್ಲ. ಯಾಕೆ ಬಿಟ್ಟರು ಅನ್ನುವುದನ್ನು ಮೊದಲು ಪತ್ತೆ ಮಾಡಿ. ಕಾರಣ ಬೇರೆಯಾದರೆ ಮದ್ದೂ ಬೇರೆ.

"ನಾಲ್ಕು ದಿನ ಬಿಟ್ಟು ನೋಡಿದೆ, ಬಿಪಿ ಏರಲೇ ಇಲ್ಲ" ಅನ್ನುತ್ತಿದ್ದರೆ ಅದಕ್ಕೆ ಕಾರಣ ಆಮ್ಲೊಡಿಪಿನ್. ಅದು ಮೈಯಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು, ಪೂರ್ತಿ ಹೋಗಲು ಒಂದು ವಾರಕ್ಕೂ ಹೆಚ್ಚು. ನಾಲ್ಕನೇ ದಿನ ಕಂಡ 130/80 ಹಳೆಯ ಮಾತ್ರೆಯದೇ ಕೆಲಸ. ಬಿಪಿ ನಾರ್ಮಲ್ ಇರುವುದು ಮಾತ್ರೆ ತಗೊಳ್ಳುತ್ತಿರುವುದರಿಂದ, ಕಾಯಿಲೆ ವಾಸಿಯಾದ್ದರಿಂದಲ್ಲ. ಈ ಲೆಕ್ಕವನ್ನು ಅವರ ಮುಂದೆ ಕ್ಯಾಲೆಂಡರ್ ಇಟ್ಟುಕೊಂಡು ಬಿಡಿಸಿ ಹೇಳಿ.

ಇನ್ನೊಂದು ಕಾರಣವನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ: ಕಾಲು ಊದುವುದು. ಸಂಜೆ ಪಾದದ ಗಂಟಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಬಿಡಿ. ಗುಳಿ ಉಳಿದರೆ ಊತ ಇದೆ. ಆಮ್ಲೊಡಿಪಿನ್‌ನಿಂದ ಹೀಗಾಗುವುದು ಸಾಮಾನ್ಯ, ಡೋಸ್ ಹೆಚ್ಚಿದಷ್ಟೂ ಹೆಚ್ಚು. ಆದರೆ ಹೃದಯ, ಕಿಡ್ನಿ ತೊಂದರೆಯಿಂದಲೂ ಊದಬಹುದು, ಆದ್ದರಿಂದ ತೋರಿಸಲೇಬೇಕು. ಬದಲಿ ಮಾತ್ರೆ ಇದೆ. ನೀರಿಳಿಸುವ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. ಎನಾಲಾಪ್ರಿಲ್, ರಾಮಿಪ್ರಿಲ್ ಎಂಬ ಬೇರೆ ಬಿಪಿ ಮಾತ್ರೆ ತಗೊಳ್ಳುವ ಕೆಲವರಿಗೆ ಇದೇ ರೀತಿ ಒಣಕೆಮ್ಮು ಕಾಡುತ್ತದೆ. ಸಿರಪ್ ಕುಡಿದು ಕುಡಿದು ಸಾಕಾಗಿ ಕೊನೆಗೆ ಮಾತ್ರೆಯನ್ನೇ ಬಿಡುತ್ತಾರೆ.

ದುಡ್ಡಿನ ಚಿಂತೆಯಾದರೆ ಜನೌಷಧಿ ಕೇಂದ್ರದಲ್ಲಿ ಎರಡೂ ಕಡಿಮೆ ಬೆಲೆಗೆ ಸಿಗುತ್ತವೆ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಸಕ್ಕರೆಯಂಥ ಕಾಯಿಲೆಗಳ) ಕ್ಲಿನಿಕ್‌ನಲ್ಲೂ ವಿಚಾರಿಸಿ. ಬ್ರ್ಯಾಂಡ್ ಬದಲಾದಾಗ ಹಳೆಯ ಸ್ಟ್ರಿಪ್ ಅವರ ಕೈಗೆ ಸಿಗದಂತೆ ಎತ್ತಿಡಿ. ಹೆಸರು, ಬಣ್ಣ ಬೇರೆ ಅಂತ ಒಂದೇ ಔಷಧಿಯನ್ನು ಎರಡು ಸಲ ನುಂಗುವವರಿದ್ದಾರೆ.

ಎಲ್ಲರೂ ಕಡೆಗಣಿಸುವ ಸಂಗತಿ ಸ್ಟ್ರಿಪ್ ಲೆಕ್ಕ. ಒಂದು ಮಾತ್ರೆ 10ರ ಸ್ಟ್ರಿಪ್, ಇನ್ನೊಂದು 15ರದ್ದು ಇರಬಹುದು. ಒಂದೊಂದೇ ಸ್ಟ್ರಿಪ್ ತಂದರೆ ಬೇರೆ ಬೇರೆ ದಿನ ಮುಗಿದು, "ಎರಡೂ ಒಟ್ಟಿಗೆ ತಂದರಾಯ್ತು" ಅಂತ ಐದು ದಿನ ಒಂದೇ ಮಾತ್ರೆಯಲ್ಲಿ ಕಳೆಯುತ್ತದೆ. 30 ದಿನಕ್ಕೆ ಒಟ್ಟಿಗೆ ತನ್ನಿ, ಅಥವಾ ಎರಡೂ ಸೇರಿದ ಒಂದೇ ಮಾತ್ರೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ವಾರದ ಡಬ್ಬಿಗೆ ಬಿಡಿಸಿ ತುಂಬಬೇಡಿ, ಟೆಲ್ಮಿಸಾರ್ಟಾನ್ ಗಾಳಿಯ ತೇವ ಹೀರಿ ಕೆಡುತ್ತದೆ. ಸ್ಟ್ರಿಪ್ ಸಮೇತ ಕತ್ತರಿಸಿ ಇಡಿ.

ಬೆಳಗ್ಗೆ ಮರೆತರೆ ನೆನಪಾದ ತಕ್ಷಣ ತಗೊಳ್ಳಲಿ. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಲಿ, ಎರಡು ಒಟ್ಟಿಗೆ ಬೇಡ. ಡಾಕ್ಟರ ಹತ್ತಿರ ಹೋಗುವ ದಿನವೂ ನುಂಗಿಯೇ ಹೋಗಬೇಕು. ಖಾಲಿ ಹೊಟ್ಟೆಯ ರಕ್ತಪರೀಕ್ಷೆ, ಏಕಾದಶಿ ಇದ್ದರೂ ಈ ಎರಡು ಮಾತ್ರೆ ನೀರಿನ ಜೊತೆ ನಡೆಯುತ್ತವೆ. ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುತ್ತಿದ್ದಾರೆಯೇ ಕೇಳಿ, ಅದು ಬಿಪಿ ಏರಿಸುತ್ತದೆ. ಆಮೇಲೆ "ಈ ಬಿಪಿ ಮಾತ್ರೆ ಕೆಲಸ ಮಾಡಲ್ಲ" ಅನ್ನುತ್ತಾರೆ.

ಡಾಕ್ಟರನ್ನು ಕಂಡು ಮತ್ತೆ ಶುರು ಮಾಡಿಸಿ. ಎರಡು ವಾರ ಕಳೆದ ಮೇಲೆ ಏಳು ದಿನ ಮನೆಯಲ್ಲಿ ಅಳೆಯಿರಿ: ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಲಿ, ತೋಳು ಎದೆಯ ಮಟ್ಟದಲ್ಲಿರಲಿ, ಒಂದು ನಿಮಿಷ ಬಿಟ್ಟು ಎರಡು ಸಲ. ಅಂಕಿಯನ್ನು ಅವರ ಕೈಯಲ್ಲೇ ಬರೆಸಿ. ಸರಾಸರಿ 135/85 ದಾಟಿದರೆ ಆ ಚೀಟಿ ಹಿಡಿದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ.