ಓದುಗರ ಪ್ರಶ್ನೆ: ‘ಈ ಮರ ಬೀಳುತ್ತಾ?’ ಬರೆದು ಕೊಡಲು ಏನು ಕಲಿತಿರಬೇಕು?

ಪ್ರಶ್ನೆ: ಆರು ವರ್ಷದಿಂದ ಹಗ್ಗ ಕಟ್ಟಿ ಮರ ಹತ್ತಿ ಕೊಂಬೆ ಸವರುವ ಕೆಲಸ ಮಾಡುತ್ತಿದ್ದೇನೆ. ಈಚೆಗೆ ಗ್ರಾಹಕರು ಮರ ಗಟ್ಟಿಯಿದೆಯೋ ಇಲ್ಲವೋ ಎಂದು ವರದಿ ಕೇಳುತ್ತಿದ್ದಾರೆ. ಇದಕ್ಕೆ ಯಾವ ಸರ್ಟಿಫಿಕೇಟ್ ಬೇಕು?

ಉತ್ತರ: ಮರ ಹತ್ತುವುದಕ್ಕೆ, ಗರಗಸ ಹಿಡಿಯುವುದಕ್ಕೆ ಕೊಡುವ ಸರ್ಟಿಫಿಕೇಟುಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಪಾಸಣೆ ಬೇರೆಯದೇ ಕಸುಬು. ಹೆಚ್ಚು ದೇಶಗಳಲ್ಲಿ ಗುರುತಿರುವ ದಾರಿ ಮರ ಆರೈಕೆಯ ಕಸುಬಿನವರ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್‌ನದು. ಕಸುಬಿನವರ ಬಾಯಲ್ಲಿ ಐಎಸ್‌ಎ. ಮೊದಲು ಅದರ ‘ಸರ್ಟಿಫೈಡ್ ಆರ್ಬರಿಸ್ಟ್’ ಪರೀಕ್ಷೆ ಬರೆಯಿರಿ. ಅದಕ್ಕೆ 3 ವರ್ಷದ ಪೂರ್ಣಾವಧಿ ಅನುಭವ ಬೇಕು. ಸಂಬಂಧಪಟ್ಟ ಪದವಿ ಇದ್ದರೆ ಕಡಿಮೆ ಸಾಕು. ಅನುಭವಕ್ಕೆ ದಾಖಲೆ ಕೇಳುತ್ತಾರೆ, ಹಳೆಯ ಬಿಲ್ಲು, ಪತ್ರಗಳನ್ನು ಈಗಿನಿಂದಲೇ ಜೋಡಿಸಿಡಿ. ಪಾಸಾದ ಮೇಲೂ 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಮತ್ತೆ ಪರೀಕ್ಷೆ ಬರೆಯಲು ಮನಸ್ಸಿಲ್ಲದಿದ್ದರೆ ಆ ಅವಧಿಯಲ್ಲಿ ಕಸುಬಿನ ಜೊತೆಜೊತೆಗೆ ನಡೆಸುವ ಕಲಿಕೆಯ 30 ಯೂನಿಟ್ ಗಳಿಸಿರಬೇಕು.

ಅದರ ಮೇಲಿನ ಮೆಟ್ಟಿಲು ‘ಟ್ರಾಕ್’, ಅಂದರೆ ಮರದ ಅಪಾಯ ಅಳೆಯುವ ಅರ್ಹತೆ. ನಿಮಗೆ ನಿಜವಾಗಿ ಬೇಕಾದದ್ದು ಇದು. ಎರಡು ದಿನ ಪಾಠ, ಆಮೇಲೆ ಲಿಖಿತ ಪರೀಕ್ಷೆ, ಜೊತೆಗೆ ಮರದ ಮುಂದೆ ನಿಂತು ಮಾಡಿ ತೋರಿಸುವ ಪರೀಕ್ಷೆ. 5 ವರ್ಷಕ್ಕೆ ಅವಧಿ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಕೆಲಸ ಮಾಡುವವರಿಗೆ ಅಲ್ಲಿನ ತರಬೇತಿ ಸಂಸ್ಥೆ ಲ್ಯಾಂಟ್ರಾದ 3 ದಿನದ ‘ಪ್ರೊಫೆಷನಲ್ ಟ್ರೀ ಇನ್‌ಸ್ಪೆಕ್ಷನ್’ ಕೋರ್ಸ್ ಹೆಚ್ಚು ಪರಿಚಿತ. ಅವರದೇ ಒಂದು ದಿನದ ಪ್ರಾಥಮಿಕ ಕೋರ್ಸೂ ಇದೆ. ಎದ್ದು ಕಾಣುವ ದೋಷ ಗುರುತಿಸಿ ಪರಿಣತರಿಗೆ ತಿಳಿಸಲು ಅದು ಸಾಕು, ಹಣ ಪಡೆದು ವರದಿ ಕೊಡಲು ಸಾಲದು.

ಫೀಸು ಕಟ್ಟುವ ಮುಂಚೆ ವಿಮೆಯ ಕಾಗದ ಒಮ್ಮೆ ಓದಿ. ನೀವು ಕಡಿದ ಕೊಂಬೆ ಕಾರಿನ ಮೇಲೆ ಬಿದ್ದರೆ ನಷ್ಟ ಭರಿಸುವ ವಿಮೆ, ನೀವು ಕೊಟ್ಟ ಸಲಹೆ ತಪ್ಪಾದರೆ ಭರಿಸುವುದಿಲ್ಲ. ಸಲಹೆಗೆ ವೃತ್ತಿಪರ ಹೊಣೆಗಾರಿಕೆಯ ವಿಮೆ ಪ್ರತ್ಯೇಕವಾಗಿ ಬೇಕು. ಬಹಳ ಜನ ಎಡವುವುದು ಇಲ್ಲೇ.

ಪ್ರಶ್ನೆ: ಸುತ್ತಿಗೆಯಲ್ಲಿ ತಟ್ಟಿ ಪೊಳ್ಳು ಹುಡುಕುವುದು ನನಗೆ ಗೊತ್ತು. ಕೋರ್ಸಿನಲ್ಲಿ ಹೊಸದೇನು ಕಲಿಸುತ್ತಾರೆ?

ಉತ್ತರ: ಮೊದಲು ಮರಕ್ಕೆ ಬೆನ್ನು ಹಾಕಿ ನಿಲ್ಲುವುದನ್ನು. ಬಿದ್ದರೆ ಯಾರ ಮೇಲೆ, ಯಾವುದರ ಮೇಲೆ ಬೀಳುತ್ತದೆ, ಅಲ್ಲಿ ಜನ ದಿನಕ್ಕೆ ಎಷ್ಟು ಹೊತ್ತು ಇರುತ್ತಾರೆ ಎಂಬುದೇ ಮೊದಲ ಪ್ರಶ್ನೆ. ಟ್ರಾಕ್‌ನಲ್ಲಿ ಮುರಿಯುವ ಸಾಧ್ಯತೆ, ತಗಲುವ ಸಾಧ್ಯತೆ, ಆಗುವ ಹಾನಿ ಈ ಮೂರನ್ನೂ ನಾಲ್ಕು ನಾಲ್ಕು ಹಂತಗಳಲ್ಲಿ ಅಳೆದು ಕೋಷ್ಟಕಕ್ಕೆ ಹಾಕುತ್ತಾರೆ. ಇವತ್ತೋ ನಾಳೆಯೋ ಬೀಳುವ ಮರವೂ ಯಾರೂ ಸುಳಿಯದ ಬಯಲಿನಲ್ಲಿದ್ದರೆ ‘ಕಡಿಮೆ ಅಪಾಯ’ ಎಂದೇ ಲೆಕ್ಕ. ವರ್ಷಗಟ್ಟಲೆ ಮರ ಕಡಿದವರಿಗೆ ಇದು ಬೇಗ ಒಗ್ಗುವುದಿಲ್ಲ, ಏಕೆಂದರೆ ಅವರ ಕಣ್ಣು ನೇರ ದೋಷಕ್ಕೇ ಹೋಗುತ್ತದೆ. ಎಷ್ಟು ಅವಧಿಯೊಳಗೆ ಎಂಬುದನ್ನೂ ಬರೆಯಬೇಕು. ಅವಧಿಯಿಲ್ಲದೆ ‘ಬೀಳಬಹುದು’ ಎಂದರೆ ಅದು ಎಲ್ಲ ಮರಕ್ಕೂ ಹೊಂದುವ ಮಾತು.

ಇನ್ನು ಸುತ್ತಿಗೆ. ಕಬ್ಬಿಣದ್ದು ಬೇಡ, ತೊಗಟೆ ಜಜ್ಜುತ್ತದೆ; ನೈಲಾನ್ ಅಥವಾ ಮರದ್ದು ಇರಲಿ. ಬುಡದ ಬೇರುಗಳ ಉಬ್ಬಿನಿಂದ ಶುರು ಮಾಡಿ, ಗೇಣು ಗೇಣಿಗೆ ತಟ್ಟುತ್ತ ಇಡೀ ಸುತ್ತು ಬನ್ನಿ. ತೊಗಟೆ ಬಿಟ್ಟುಕೊಂಡಿದ್ದರೆ ಗಟ್ಟಿ ಮರವೂ ಟೊಳ್ಳು ಸದ್ದು ಮಾಡುತ್ತದೆ. ನೀರು ಕುಡಿದು ಕೊಳೆತು ಲಡ್ಡಾದ ಮರ ಎಷ್ಟೋ ಸಲ ಸದ್ದಿನಲ್ಲಿ ಸಿಕ್ಕಿಬೀಳುವುದಿಲ್ಲ. ಕ್ರೆಟ್ಷ್‌ಮಾರಿಯಾ ಎಂಬ ಶಿಲೀಂಧ್ರವಂತೂ ಬುಡದಲ್ಲಿ ಸುಟ್ಟ ಇದ್ದಿಲಿನ ಪದರದಂತೆ ಅಂಟಿಕೊಂಡಿರುತ್ತದೆ, ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಮರ ಒಂದು ದಿನ ಪಿಂಗಾಣಿಯಂತೆ ಮುರಿಯುತ್ತದೆ. ಆದ್ದರಿಂದ ಬುಡದ ತರಗೆಲೆ, ಕಳೆ, ಬಳ್ಳಿ ಸರಿಸಿ ನೋಡದ ತಪಾಸಣೆ ತಪಾಸಣೆಯೇ ಅಲ್ಲ. ಸರಿಸಲು ಆಗದಿದ್ದರೆ ‘ಬಳ್ಳಿಯಿಂದಾಗಿ ಬುಡ ಕಾಣಲಿಲ್ಲ’ ಎಂದು ವರದಿಯಲ್ಲಿ ಬರೆಯಿರಿ. ಮುಂದೆ ತಕರಾರು ಬಂದರೆ ನಿಮ್ಮನ್ನು ಉಳಿಸುವ ವಾಕ್ಯ ಅದು.

ಪೊಳ್ಳಿಗೆ ಮರ ಹೇಗೆ ಮುರಿಯುತ್ತದೆ ಎಂದು ಅಭ್ಯಾಸ ಮಾಡಿದ ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಟೆಕ್ ಕೊಟ್ಟ ಅಳತೆಯೊಂದಿದೆ: ಉಳಿದ ಗಟ್ಟಿ ಗೋಡೆಯ ದಪ್ಪವನ್ನು ಕಾಂಡದ ತ್ರಿಜ್ಯದಿಂದ ಭಾಗಿಸಿದರೆ 0.3ಕ್ಕಿಂತ ಕೆಳಗೆ ಬರಬಾರದು. ತೊಗಟೆ ಬಿಟ್ಟು ವ್ಯಾಸ 80 ಸೆಂ.ಮೀ. ಇದ್ದರೆ ತ್ರಿಜ್ಯ 40, ಗೋಡೆ ಕನಿಷ್ಠ 12 ಸೆಂ.ಮೀ. ಅಷ್ಟು ಪೊಳ್ಳಾದರೂ, ಕೊಳವೆಯ ಲೆಕ್ಕದಲ್ಲಿ, ಬಾಗುವಿಕೆಯನ್ನು ತಡೆಯುವ ಬಲ ಕಾಲು ಭಾಗದಷ್ಟೂ ಕಡಿಮೆಯಾಗಿರುವುದಿಲ್ಲ! ಆದರೆ ಇದು ಪೊಳ್ಳು ನಡುಮಧ್ಯದಲ್ಲಿದ್ದು ಸುತ್ತಲೂ ಮುಚ್ಚಿರುವ ಕಾಂಡದ ಮಾತು. ಒಂದು ಪಕ್ಕ ಬಾಯಿ ತೆರೆದಿದ್ದರೆ ಲೆಕ್ಕ ಕೆಡುತ್ತದೆ. ತಲೆ ಕುಗ್ಗಿಸಿಕೊಂಡ ಹಳೇ ಮರ ಇದಕ್ಕಿಂತ ತೆಳು ಗೋಡೆಯಲ್ಲೂ ನಿಂತಿರುತ್ತದೆ. 0.3 ಬಂತೆಂದು ಕೊಡಲಿ ಎತ್ತಬೇಡಿ.

ಪ್ರಶ್ನೆ: ಒಳಗನ್ನು ನೋಡುವ ಯಂತ್ರ ಕೊಳ್ಳಲೇಬೇಕೆ?

ಉತ್ತರ: ಶುರುವಿಗೆ ಬೇಡ. ಸುತ್ತಿಗೆ, ತೆಳು ಉಕ್ಕಿನ ಸರಳು, ದುರ್ಬೀನು, ವ್ಯಾಸದ ಟೇಪು, ಕರಣಿ, ಕ್ಯಾಮೆರಾ ಸಾಕು. ಸೂಜಿಯಿಂದ ಮರ ಕೊರೆದು ಒಳಗೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಯಂತ್ರ ರೆಸಿಸ್ಟೋಗ್ರಾಫ್‌ನ ಮೊನೆ ಬರೀ 3 ಮಿ.ಮೀ., ಆದರೂ ಮರ ತನ್ನ ಕೊಳೆತವನ್ನು ತಡೆಯಲು ಕಟ್ಟಿಕೊಂಡ ಗೋಡೆಯನ್ನು ಅದು ತೂರಿ ಹೋಗಬಹುದು. ಅನುಮಾನ ಇರುವ ಕಡೆ ಮಾತ್ರ ಕೊರೆಸಿ, ಯಂತ್ರವಿರುವವರನ್ನು ಕರೆಸಿ.

ಪ್ರಶ್ನೆ: ನಾನೇ ತಪಾಸಣೆ ಮಾಡಿ, ಕಡಿಯುವ ಕೆಲಸವನ್ನೂ ನಾನೇ ಹಿಡಿಯಬಹುದೆ?

ಉತ್ತರ: ಕಾನೂನು ತಡೆಯದಿದ್ದರೂ ಓದುವವರಿಗೆ ಅನುಮಾನ ಬರುತ್ತದೆ. ತಪಾಸಣೆಗೆ ಪ್ರತ್ಯೇಕ ಫೀಸು ಪಡೆಯಿರಿ, ಕಡಿಯುವ ದರವನ್ನು ವರದಿಯೊಳಗೆ ಸೇರಿಸಬೇಡಿ, ಮತ್ತು ‘ಮರ ಸರಿಯಿಲ್ಲ, ತೆಗೆಯಬೇಕು’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: ‘ಪಶ್ಚಿಮ ಬದಿ, ನೆಲದಿಂದ 40 ಸೆಂ.ಮೀ. ಮೇಲೆ, 25 ಸೆಂ.ಮೀ. ಅಗಲದ ಗ್ಯಾನೊಡರ್ಮಾ ಅಣಬೆ; ಅದರ ಕೆಳಗೆ ಸರಳು 18 ಸೆಂ.ಮೀ. ಒಳಹೋಯಿತು.’ ಇನ್ನೊಬ್ಬರು ಬಂದು ಅದೇ ಜಾಗದಲ್ಲಿ ಸರಳು ಚುಚ್ಚಿ ನೋಡುವಂತಿರಬೇಕು.